ಉಪ್ಪಿನ ಬಯಲಿಗೆ ಬರುವ ಆನೆಗಳು

ಮಕ್ಕಳೇ, ಅಟ್ಲಾಸ್ ತೆರೆದು ಆಫ್ರಿಕಾದ ನಡುಭಾಗವನ್ನು ನೋಡಿ. ಸಮಭಾಜಕ ವೃತ್ತದ ಎರಡೂ ಬದಿಗೆ ದಟ್ಟ ಹಸಿರು ಬಣ್ಣದ ದೊಡ್ಡ ಜಾಗವೊಂದು ಕಾಣುತ್ತದೆ. ಅದು ಕಾಂಗೋ ನದಿಯ ಮಳೆಕಾಡು. ದಕ್ಷಿಣ ಅಮೆರಿಕದ ಅಮೆಜಾನ್ ಕಾಡನ್ನು ಬಿಟ್ಟರೆ ಇಷ್ಟು ದೊಡ್ಡ ಮಳೆಕಾಡು ಜಗತ್ತಿನಲ್ಲಿ ಮತ್ತೊಂದಿಲ್ಲ. ಈ ಕಾಡಿನಲ್ಲಿ ಸಂಗಾ ಎಂಬ ನದಿ ಹರಿದು ಕೊನೆಗೆ ಕಾಂಗೋ ನದಿಯನ್ನು ಸೇರುತ್ತದೆ. ಸಂಗಾ ನದಿಯ ದಡದಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದ ನೈಋತ್ಯ ಮೂಲೆಯಲ್ಲಿ, ಬಯಾಂಗಾ ಎಂಬ ಪುಟ್ಟ ಊರಿದೆ. ಊರಿನ ಸುತ್ತ ಹಬ್ಬಿರುವುದೇ ಜಾಂಗಾ-ಸಂಗಾ ವನ್ಯಜೀವಿ ರಕ್ಷಿತಾರಣ್ಯ. 1990ರಿಂದ ಈ ಕಾಡಿಗೆ ಕಾನೂನಿನ ರಕ್ಷಣೆ ಇದೆ. ಇವತ್ತು ನಾವು ಅಲ್ಲಿಗೆ ಹೋಗೋಣ.

ಈ ಕಾಡಿನಲ್ಲಿ ನಮಗೆ ದಾರಿ ತೋರುವವರು ಬಯಾಕಾ ಜನ. ತಲೆತಲಾಂತರದಿಂದ ಅವರ ಬದುಕು ಈ ಕಾಡಿನದೇ. ಮುರಿದ ಎಲೆ, ಮಗುಚಿದ ಕಲ್ಲು, ಒದ್ದೆ ಮಣ್ಣಿನ ಗುರುತು ಇಷ್ಟನ್ನು ನೋಡಿಯೇ ಯಾವ ಪ್ರಾಣಿ ಯಾವಾಗ ಹೋಯಿತು ಎಂದು ಹೇಳಬಲ್ಲವರು. ಅವರು ಮುಂದೆ, ನಾವು ಹಿಂದೆ. ಇಲ್ಲಿ ಮಾತು ಕಡಿಮೆ, ಕಿವಿ ಚುರುಕು.

ಕಾಡಿನೊಳಗೆ ಒಂದು ಹೆದ್ದಾರಿ

ಮಧ್ಯಾಹ್ನವಾದರೂ ಕಾಡಿನೊಳಗೆ ಮಬ್ಬು. ಎತ್ತರದ ಮರಗಳ ನೆತ್ತಿಗಳು ಒಂದಕ್ಕೊಂದು ತಾಗಿ ಬಿಸಿಲನ್ನೆಲ್ಲ ಹೀರಿಕೊಂಡುಬಿಡುತ್ತವೆ. ನೆಲಕ್ಕೆ ಇಳಿಯುವುದು ನೂರರಲ್ಲಿ ಒಂದೆರಡು ಪಾಲು ಬೆಳಕು ಮಾತ್ರ. ಹತ್ತು ಹೆಜ್ಜೆ ಆಚೆ ಏನಿದೆ ಎಂದು ಕಾಣುವುದಿಲ್ಲ. ಆದರೆ ನಾವು ನಡೆಯುತ್ತಿರುವ ದಾರಿ ಮಾತ್ರ ಅಗಲವಾಗಿದೆ, ಅಚ್ಚುಕಟ್ಟಾಗಿದೆ. ಯಾರು ಮಾಡಿದ್ದು ಇದನ್ನು?

ಆನೆಗಳು! ತಾಯಿಯ ಹಿಂದೆ ಮಗಳು, ಮಗಳ ಹಿಂದೆ ಮೊಮ್ಮಗಳು ಎಂದು ವರ್ಷಾನುಗಟ್ಟಲೆ ಅದೇ ಜಾಡಿನಲ್ಲಿ ನಡೆದು ನಡೆದು ಆದ ದಾರಿ ಇದು. ವಿಜ್ಞಾನಿಗಳು ಈ ಕಾಡಿನ ಆನೆದಾರಿಗಳ ನಕ್ಷೆ ಬರೆದಾಗ ಒಂದು ಸಂಗತಿ ಗೊತ್ತಾಯಿತು. ದಾರಿಗಳು ಎಲ್ಲೆಂದರಲ್ಲಿ ಅಲೆಯುವುದಿಲ್ಲ. ಒಂದೋ ಹಣ್ಣಿನ ಮರಗಳತ್ತ ಹೋಗುತ್ತವೆ, ಇಲ್ಲವೇ ಕಾಡಿನ ನಡುವಿನ ತೆರೆದ ಬಯಲುಗಳತ್ತ. ಇಂಥ ಬಯಲನ್ನು ಅಲ್ಲಿನ ಜನ ಬಾಯ್ ಎಂದು ಕರೆಯುತ್ತಾರೆ. ನಮ್ಮ ನಾಗರಹೊಳೆ ಕಾಡಿನಲ್ಲಿ ಮರಗಳ ನಡುವೆ ಜೌಗು ಹುಲ್ಲಿನ ಹಡ್ಲುಗಳನ್ನು ನೋಡಿದವರಿಗೆ ಕಾಡಿನೊಳಗೆ ಬಯಲು ಎಂದರೆ ಏನೆಂದು ಬೇಗ ಅರ್ಥವಾಗುತ್ತದೆ.

ಮೊಣಕಾಲು ಮುಳುಗುವ ತೊರೆಯೊಂದನ್ನು ದಾಟಿ, ಮತ್ತಷ್ಟು ನಡೆದು, ಮರದ ಅಟ್ಟಣೆ ಹತ್ತುತ್ತೇವೆ. ಎದುರಿಗೆ ಅರ್ಧ ಕಿಲೋಮೀಟರ್ ಉದ್ದದ ಮರಳು ಬಯಲು, ನಡುವೆ ತೆಳ್ಳಗೆ ಹರಿಯುವ ನೀರು. ಇದು ಜಾಂಗಾ ಬಾಯ್. ಅಲ್ಲಿ ನಿಂತಿರುವ ಆನೆಗಳನ್ನು ಎಣಿಸಿ ನೋಡಿ. ಎಷ್ಟೋ ದಿನ ಒಂದೇ ಹೊತ್ತಿಗೆ ನಲವತ್ತು, ಐವತ್ತು. ಕೆಲವು ದಿನ ನೂರರವರೆಗೂ ಇರುತ್ತವೆ.

ಇವು ಯಾವ ಆನೆ?

ನಮ್ಮ ಬಂಡೀಪುರದ ಆನೆಗೂ ಇವಕ್ಕೂ ಇರುವ ವ್ಯತ್ಯಾಸ ಗಮನಿಸಿ. ನಮ್ಮಲ್ಲಿ ಉದ್ದ ದಂತ ಇರುವುದು ಗಂಡಾನೆಗೆ ಮಾತ್ರ. ಇಲ್ಲಿ ಹೆಣ್ಣಾನೆಗಳಿಗೂ ದಂತ ಉಂಟು. ನಮ್ಮ ಆನೆಯ ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಚಾಚು ಒಂದೇ, ಆಫ್ರಿಕಾದ ಆನೆಗೆ ಎರಡು.

ಆಫ್ರಿಕಾದಲ್ಲೇ ಎರಡು ಬಗೆಯ ಆನೆಗಳಿವೆ. ಟಿವಿಯಲ್ಲಿ ಹೆಚ್ಚಾಗಿ ಕಾಣುವುದು ಹುಲ್ಲುಗಾವಲಿನ ಭಾರೀ ಆನೆ. ನಮ್ಮೆದುರಿಗೆ ಇರುವುದು ಮಳೆಕಾಡಿನ ಆನೆ. ಇದರ ಮೈ ಚಿಕ್ಕದು, ಕಿವಿ ಗುಂಡಗೆ, ದಂತ ನೇರವಾಗಿ ನೆಲದತ್ತ ಇಳಿದಿರುತ್ತದೆ. ಪೊದೆ ಬಳ್ಳಿಗಳ ನಡುವೆ ನುಗ್ಗಿ ನಡೆಯುವ ಪ್ರಾಣಿಗೆ ಇಂಥ ಮೈಕಟ್ಟೇ ಅನುಕೂಲ. ಬಹಳ ಕಾಲ ಎರಡನ್ನೂ ಒಂದೇ ಜಾತಿ ಎಂದುಕೊಂಡಿದ್ದರು. ಅವುಗಳ ಡಿಎನ್‌ಎ ಪರೀಕ್ಷಿಸಿದಾಗ ಎರಡೂ ಲಕ್ಷಾಂತರ ವರ್ಷಗಳ ಹಿಂದೆಯೇ ಬೇರೆಯಾಗಿವೆ ಎಂದು ತಿಳಿಯಿತು.

ಸೊಂಡಿಲು ಹಳ್ಳದಲ್ಲಿ ಯಾಕೆ?

ಈಗ ಅಟ್ಟಣೆಯ ಹತ್ತಿರವೇ ಇರುವ ಆ ಹೆಣ್ಣಾನೆಯನ್ನು ನೋಡಿ. ಪಕ್ಕದಲ್ಲೇ ತೊರೆ ಹರಿಯುತ್ತಿದ್ದರೂ ಅದು ಆ ನೀರನ್ನು ಮುಟ್ಟುವುದಿಲ್ಲ. ಮರಳಿನ ಹಳ್ಳವೊಂದರಲ್ಲಿ ಸೊಂಡಿಲನ್ನು ಬುಡದವರೆಗೂ ಇಳಿಸಿ, ಜೋರಾಗಿ ಊದಿ, ಒಳಗಿನ ಕೆಸರನ್ನು ಹೊರಗೆ ಚಿಮ್ಮಿಸುತ್ತದೆ. ಆಮೇಲೆ ತಳದಿಂದ ಒಸರುವ ನೀರನ್ನು ಹೀರಿ ಬಾಯಿಗೆ ಬಿಟ್ಟುಕೊಳ್ಳುತ್ತದೆ.

ಆ ನೀರಿನಲ್ಲಿ ಉಪ್ಪಿನ ಅಂಶವಿದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳಿವೆ. ನಮ್ಮ ನರಗಳಲ್ಲಿ ಸುದ್ದಿ ಹರಿಯಲು, ಸ್ನಾಯುಗಳು ಬಿಗಿದು ಸಡಿಲಾಗಲು ಸೋಡಿಯಂ ಬೇಕೇ ಬೇಕು. ಆದರೆ ಹೆಚ್ಚಿನ ಗಿಡಮರಗಳಿಗೆ ಸೋಡಿಯಂ ಅಷ್ಟಾಗಿ ಬೇಡ. ಹಾಗಾಗಿ ಎಲೆಯಲ್ಲೂ ಹಣ್ಣಿನಲ್ಲೂ ಅದು ತೀರಾ ಕಡಿಮೆ. ಹಳ್ಳಿಯಲ್ಲಿ ಹಸುವಿನ ಕಲಗಚ್ಚಿಗೆ ಒಂದಿಷ್ಟು ಉಪ್ಪು ಬೆರೆಸಿ ಇಡುವುದನ್ನು ನೀವು ನೋಡಿರಬಹುದು. ಕಾರಣ ಇದೇ. ಹುಲ್ಲು ತಿನ್ನುವ ಹಸುವಿಗೂ ಸೊಪ್ಪು ತಿನ್ನುವ ಆನೆಗೂ ಊಟದಲ್ಲಿ ಉಪ್ಪು ಸಾಲದು.

ಮಳೆಕಾಡಿನಲ್ಲಂತೂ ಉಪ್ಪಿನ ಬರ ಇನ್ನೂ ಹೆಚ್ಚು. ಬಿಡದೆ ಸುರಿಯುವ ಮಳೆ ಮಣ್ಣಿನ ಲವಣಗಳನ್ನು ಕರಗಿಸಿ ಹೊಳೆಗೆ ಸೇರಿಸಿಬಿಡುತ್ತದೆ. ಸಮುದ್ರದ ಹತ್ತಿರವಾದರೆ ಗಾಳಿಯ ಜೊತೆ ಒಂದಿಷ್ಟು ಉಪ್ಪು ಬಂದು ಬೀಳುತ್ತದೆ, ಆದರೆ ಇಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಜಾಂಗಾ ಬಾಯ್‌ನ ತಳದಲ್ಲಿ ಲವಣಗಳಿರುವ ಬಂಡೆ, ಮಣ್ಣು ಇರುವುದರಿಂದ ಅಂತರ್ಜಲಕ್ಕೆ ಅವು ಇಳಿದು ಸೇರುತ್ತವೆ. ಆಳದ ಆ ನೀರಿಗಾಗಿಯೇ ಆನೆಗಳು ಹಳ್ಳ ತೋಡುವುದು. ಒಳ್ಳೆಯ ಹಳ್ಳಕ್ಕಾಗಿ ದೊಡ್ಡ ಸಲಗಗಳು ಚಿಕ್ಕವನ್ನು ದೂಡುವುದೂ ಉಂಟು.

ಆನೆ ತೋಡಿದ ಹಳ್ಳ ಆನೆಗೆ ಮಾತ್ರ ಅಲ್ಲ. ಕೆಂಪು ಮೈಯ ಕಾಡೆಮ್ಮೆ ಬರುತ್ತದೆ. ಮೈತುಂಬ ಬಿಳಿ ಪಟ್ಟೆಯ ಬೋಂಗೋ ಹುಲ್ಲೆ ಬರುತ್ತದೆ. ಕೆಸರಿನಲ್ಲಿ ಹೂತುಹೋಗದಂತೆ ಅಗಲಕ್ಕೆ ಹರಡುವ ಉದ್ದ ಗೊರಸಿನ ಸಿಟಟುಂಗಾ ಬರುತ್ತದೆ. ಕೆಂಪು ಬಾಲದ ಬೂದು ಗಿಳಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಆನೆಗಳು ಹೀಗೆ ತುಳಿದು, ಅಗೆದು, ಸಸಿಗಳನ್ನು ಕಿತ್ತು ತಿನ್ನುತ್ತಾ ಇರುವುದರಿಂದಲೇ ಈ ಬಯಲು ಬಯಲಾಗಿ ಉಳಿದಿದೆ. ಅವು ಬರುವುದು ನಿಂತರೆ ಕಾಡು ನಿಧಾನವಾಗಿ ಇದನ್ನು ಮುಚ್ಚಿಕೊಳ್ಳುತ್ತದೆ.

ಕೇಳದ ಮಾತು

ಇಷ್ಟು ಆನೆಗಳು ಈ ಕತ್ತಲ ಕಾಡಿನಲ್ಲಿ ಒಂದನ್ನೊಂದು ಹೇಗೆ ಹುಡುಕುತ್ತವೆ? ಅವು ಮಾತಾಡಿಕೊಳ್ಳುತ್ತವೆ, ಆ ಮಾತಿನ ಬಹುಪಾಲು ನಮಗೆ ಕೇಳಿಸುವುದಿಲ್ಲ. ಸೆಕೆಂಡಿಗೆ 20 ಸಲಕ್ಕಿಂತ ಕಡಿಮೆ ಕಂಪಿಸುವ ಶಬ್ದ ಮನುಷ್ಯರ ಕಿವಿಗೆ ತಾಕದು. ಆನೆಗಳ ಗುಡುಗಿನಂಥ ಅನೇಕ ದನಿಗಳು ಇದಕ್ಕಿಂತ ಕೆಳಗಿನವು. ಇಂಥ ತಗ್ಗಿನ ಶಬ್ದ ಮರಗಿಡಗಳ ನಡುವೆ ಹೆಚ್ಚು ದೂರ ಸಾಗುತ್ತದೆ.

ಇದನ್ನು ಮೊದಲು ಗುರುತಿಸಿದವರು ಕೇಟಿ ಪೇನ್ ಎಂಬ ಅಮೆರಿಕದ ವಿಜ್ಞಾನಿ. 1984ರಲ್ಲಿ ಮೃಗಾಲಯವೊಂದರ ಆನೆಗಳ ಬಳಿ ನಿಂತಿದ್ದಾಗ ಅವರಿಗೆ ಗಾಳಿಯಲ್ಲಿ ಏನೋ ಅದುರಿದಂತೆ ಅನಿಸಿತು. ಆ ಅನಿಸಿಕೆಯನ್ನು ಅಷ್ಟಕ್ಕೇ ಬಿಡದೆ ಯಂತ್ರದಲ್ಲಿ ದಾಖಲಿಸಿ ನೋಡಿದರು. ಶಬ್ದ ಸಿಕ್ಕಿತು! ಈಗ ಕಾಂಗೋ ಕಾಡಿನ ಮರಗಳಲ್ಲಿ ಶಬ್ದಗ್ರಾಹಕಗಳನ್ನು ಕಟ್ಟಿ ಆನೆಗಳ ದನಿಯನ್ನು ಹಗಲೂ ರಾತ್ರಿ ಕೇಳುತ್ತಾರೆ. ಬೇಟೆಗಾರರ ಗುಂಡಿನ ಸದ್ದೂ ಅದರಲ್ಲಿ ಸಿಕ್ಕಿಬೀಳುತ್ತದೆ.

ಲದ್ದಿಯಲ್ಲಿ ಕಾಡು

ವಾಪಸು ಬರುವ ದಾರಿಯಲ್ಲಿ ಆನೆ ಲದ್ದಿ ಕಂಡರೆ ಮೂಗು ಮುಚ್ಚಬೇಡಿ, ಬಗ್ಗಿ ನೋಡಿ. ಅದರ ತುಂಬ ಬೀಜಗಳಿವೆ, ಕೆಲವು ಆಗಲೇ ಮೊಳಕೆ ಒಡೆದಿವೆ. ಜಾಂಗಾದ ಪಕ್ಕದ ಎನ್‌ಡೋಕಿ ಕಾಡಿನ ಆನೆಲದ್ದಿಯಲ್ಲಿ 96 ಜಾತಿಯ ಗಿಡಮರಗಳ ಬೀಜಗಳು ಸಿಕ್ಕಿವೆ. ಆನೆ ನುಂಗಿದ ಬೀಜ ಹೊಟ್ಟೆಯಲ್ಲಿ ಒಂದೆರಡು ದಿನ ಇರುತ್ತದೆ. ಅಷ್ಟರಲ್ಲಿ ಆನೆ ಎಲ್ಲೋ ಹೋಗಿರುತ್ತದೆ. ಒಂದು ಬೀಜ ತಾಯಿಮರದಿಂದ 57 ಕಿಲೋಮೀಟರ್ ದೂರದವರೆಗೂ ಹೋಗಬಹುದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ದೂರ ಹೋದರೆ ಏನು ಲಾಭ? ತಾಯಿಮರದ ಬುಡದಲ್ಲೇ ಬಿದ್ದ ಬೀಜಕ್ಕೆ ಬಿಸಿಲಿಲ್ಲ. ಆ ಮರದ ರುಚಿ ಕಂಡ ಹುಳು, ಬೂಸ್ಟು ಅಲ್ಲೇ ಕಾದಿರುತ್ತವೆ. ದೂರದಲ್ಲಿ ಬಿದ್ದ ಬೀಜಕ್ಕೆ ಹೊಸ ಜಾಗ, ಜೊತೆಗೆ ಲದ್ದಿಯ ಗೊಬ್ಬರ. ಓಂಫಲೋಕಾರ್ಪಮ್ ಎಂಬ ಮರದ ಹಣ್ಣಿನ ಓಡು ಎಷ್ಟು ಗಟ್ಟಿ ಎಂದರೆ ಆನೆ ಬಂದು ಮರಕ್ಕೆ ಹಣೆಯಿಂದ ಗುದ್ದಿ ಹಣ್ಣು ಉದುರಿಸಿ ಒಡೆಯಬೇಕು. ಇಂಥ ಮರಗಳ ಸಂತಾನ ಆನೆಯನ್ನೇ ನಂಬಿದೆ.

ಇನ್ನೂ ಒಂದು ಸಂಗತಿ. ಆನೆ ಬೇಗ ಬೆಳೆಯುವ ಮೆತ್ತನೆಯ ಸಣ್ಣ ಗಿಡಗಳನ್ನು ಮುರಿದು ತಿನ್ನುತ್ತದೆ. ಉಳಿದ ಜಾಗದಲ್ಲಿ ನಿಧಾನವಾಗಿ ಬೆಳೆಯುವ ಗಟ್ಟಿ ಮರಗಳಿಗೆ ಬೆಳಕು, ನೀರು ಸಿಗುತ್ತದೆ. ಗಟ್ಟಿ ಮರದಲ್ಲಿ ಹೆಚ್ಚು ಇಂಗಾಲ ಕೂಡಿರುತ್ತದೆ. ಆನೆಗಳೇ ಇಲ್ಲವಾದರೆ ಮಧ್ಯ ಆಫ್ರಿಕಾದ ಮಳೆಕಾಡಿನ ಮರಗಳಲ್ಲಿರುವ ಇಂಗಾಲ ಕಾಲಕ್ರಮೇಣ ಶೇಕಡಾ 7ರಷ್ಟು ಕಡಿಮೆಯಾದೀತು ಎಂದು 2019ರ ಅಧ್ಯಯನವೊಂದು ಅಂದಾಜು ಮಾಡಿತು. ಕಾಡು ಹಿಡಿದಿಟ್ಟುಕೊಳ್ಳದ ಇಂಗಾಲ ಗಾಳಿಯಲ್ಲಿ ಉಳಿದು ಭೂಮಿಯ ಬಿಸಿ ಏರಿಸುತ್ತದೆ. ಅಂದರೆ ಜಾಂಗಾದ ಆನೆ ಮಾಡುವ ಕೆಲಸ ನಮಗೂ ಸೇರಿದ್ದು.

ನಿಧಾನ ಬೆಳೆಯುವ ಸಂಸಾರ

ಆಂಡ್ರಿಯಾ ಟರ್ಕಾಲೊ ಎಂಬ ವಿಜ್ಞಾನಿ 1990ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದೇ ಬಯಲಿನ ಅಟ್ಟಣೆಯಲ್ಲಿ ಕುಳಿತು ಆನೆಗಳನ್ನು ಗಮನಿಸಿದರು. ಕಿವಿಯ ಹರಕು, ದಂತದ ಬಾಗು ನೋಡಿ ಒಂದೊಂದನ್ನೂ ಗುರುತಿಟ್ಟುಕೊಂಡರು. ಆ ತಾಳ್ಮೆಯಿಂದ ತಿಳಿದ ಸತ್ಯ ಇದು: ಮಳೆಕಾಡಿನ ಹೆಣ್ಣಾನೆ ಮೊದಲ ಮರಿ ಹಾಕುವ ಹೊತ್ತಿಗೆ ಸಾಮಾನ್ಯವಾಗಿ 23 ವರ್ಷ ದಾಟಿರುತ್ತದೆ. ಮುಂದಿನ ಮರಿಗೆ ಐದಾರು ವರ್ಷ ಬೇಕು. ಹುಲ್ಲುಗಾವಲಿನ ಆನೆ ಇದಕ್ಕಿಂತ ಬಹಳ ಬೇಗ ತಾಯಿಯಾಗುತ್ತದೆ.

ಇದು ಯಾಕೆ ಮುಖ್ಯ ಗೊತ್ತೇ? ದಂತಕ್ಕಾಗಿ ಮನುಷ್ಯರು ಈ ಆನೆಗಳನ್ನು ಕೊಲ್ಲುತ್ತಾ ಬಂದಿದ್ದಾರೆ. ದೇಶದಲ್ಲಿ ಗಲಭೆ ಎದ್ದಿದ್ದ 2013ರ ಮೇ ತಿಂಗಳಲ್ಲಿ ಬಂದೂಕುಧಾರಿಗಳು ಜಾಂಗಾ ಬಾಯ್‌ಗೇ ನುಗ್ಗಿ 26 ಆನೆಗಳನ್ನು ಕೊಂದರು. ಅದಕ್ಕೆ ಹಿಡಿದದ್ದು ಕೆಲವೇ ದಿನ. ಅಷ್ಟು ಆನೆಗಳು ಮತ್ತೆ ಹುಟ್ಟಿ ಬೆಳೆಯಲು ದಶಕಗಳು ಬೇಕು. 2021ರಲ್ಲಿ ಮಳೆಕಾಡಿನ ಆನೆಯನ್ನು ತೀವ್ರ ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು.

ಹಾಗೆಂದು ಕೈಕಟ್ಟಿ ಕುಳಿತವರು ಯಾರೂ ಇಲ್ಲ. ಅರಣ್ಯ ರಕ್ಷಕರು ಇಂದಿಗೂ ಕಾವಲು ಕಾಯುತ್ತಾರೆ. ಇದೇ ಕಾಡಿನ ಗೊರಿಲ್ಲಾಗಳನ್ನು ನೋಡಲು ಹೋಗುವವರು ಮುಖಗವಸು ಹಾಕಿಕೊಳ್ಳಲೇಬೇಕು, ಏಕೆಂದರೆ ನಮ್ಮ ನೆಗಡಿ ಕೆಮ್ಮು ಅವಕ್ಕೂ ಅಂಟಬಲ್ಲದು. ಆನೆಗೆ ದೇಶದ ಗಡಿ ತಿಳಿಯದಲ್ಲವೇ? ಅದಕ್ಕೇ ಮಧ್ಯ ಆಫ್ರಿಕಾ ಗಣರಾಜ್ಯ, ಕ್ಯಾಮರೂನ್, ಕಾಂಗೋ ಗಣರಾಜ್ಯ ಈ ಮೂರೂ ದೇಶಗಳು ಅಕ್ಕಪಕ್ಕದ ತಮ್ಮ ಕಾಡುಗಳನ್ನು ಕೂಡಿ ಕಾಯುತ್ತಿವೆ. 2012ರಲ್ಲಿ ಯುನೆಸ್ಕೋ ಈ ಮೂರನ್ನೂ ಸೇರಿಸಿ ವಿಶ್ವ ಪರಂಪರೆಯ ತಾಣ ಎಂದು ಘೋಷಿಸಿತು. ಬೀಜ 57 ಕಿಲೋಮೀಟರ್ ಹೋಗಬೇಕಾದರೆ ಆನೆಗೆ ಅಷ್ಟು ದೂರ ತಡೆಯಿಲ್ಲದ ಕಾಡು ಬೇಕು. ನಮ್ಮ ಬಂಡೀಪುರ, ನಾಗರಹೊಳೆಯ ಆನೆಗಳಿಗೂ ಇದು ಅಷ್ಟೇ ನಿಜ.

ಈಗ ನಿಮಗೊಂದು ಕೆಲಸ. ನಿಮ್ಮ ಮನೆ ಅಥವಾ ಶಾಲೆಯ ಹತ್ತಿರದ ಒಂದು ಹಣ್ಣಿನ ಮರವನ್ನು ಆರಿಸಿಕೊಳ್ಳಿ. ಆಲ, ಅತ್ತಿ, ನೇರಳೆ, ಯಾವುದಾದರೂ ಸರಿ. ಹಣ್ಣಾಗುವ ಕಾಲದಲ್ಲಿ ಬೆಳಿಗ್ಗೆ, ಸಂಜೆ ಅದರ ಕೆಳಗೆ ಸುಮ್ಮನೆ ಕುಳಿತು ಯಾರು ಯಾರು ಬರುತ್ತಾರೆ, ಬೀಜ ಉಗಿಯುತ್ತಾರೋ ನುಂಗುತ್ತಾರೋ, ಯಾವ ದಿಕ್ಕಿಗೆ ಹೋಗುತ್ತಾರೆ ಎಂದು ಬರೆದಿಡಿ. ಅಳಿಲು, ಬಾವಲಿ, ಕೋಗಿಲೆ, ಮಂಗ, ಎಲ್ಲವನ್ನೂ ಪಟ್ಟಿ ಮಾಡಿ. ಪಟ್ಟಿ ಉದ್ದವಾಗುತ್ತಾ ಹೋದಂತೆ ನಿಮ್ಮೂರಿನ ಮರಗಳನ್ನು ನೆಟ್ಟವರು ಯಾರು ಎಂಬುದು ನಿಮಗೇ ತಿಳಿಯುತ್ತದೆ.