ಉತ್ತರದ ಒಡೆತನ

ಮಹಾರಾಷ್ಟ್ರದ ನಾಸಿಕದ ಬಳಿ ದೇವಳಾಲಿ ಎಂಬ ಊರಿದೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅಲ್ಲಿ ಶಾಲಾ ಮೇಷ್ಟರಾಗಿದ್ದವರು. ಹುಟ್ಟಿದ್ದು 1905ರಲ್ಲಿ, ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಸ್ನಾತಕೋತ್ತರ ಪದವಿಯಿಲ್ಲದ ಅವರು 1962ರಲ್ಲಿ ನಿವೃತ್ತರಾಗುವವರೆಗೂ ಶಾಲೆಯ ಮಕ್ಕಳಿಗೆ ಪಾಠ ಹೇಳಿದರು. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಮುಂದಿಟ್ಟ ಒಂದು ಸಂಗತಿಯನ್ನು ಈ ಮಾತು ಕೇಳುತ್ತಿರುವ ಯಾರು ಬೇಕಾದರೂ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು. ಕನ್ನಡ ನಾಡು ಒಂದಾದ 1956ನ್ನೇ ತೆಗೆದುಕೊಳ್ಳೋಣ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 9651, ಏರಿಕೆಯ ಕ್ರಮದಲ್ಲಿ 1569. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 8082. ಮತ್ತೆ ಹಾಗೆಯೇ 8820ರಿಂದ 0288 ಕಳೆದರೆ 8532. ಇನ್ನೊಮ್ಮೆ, 8532ರಿಂದ 2358 ಕಳೆದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ 6174 ಕದಲುವುದಿಲ್ಲ. ನಾಲ್ಕಂಕಿಯ ಬಹುತೇಕ ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಇಲ್ಲಿಗೇ ಬಂದು ಸೇರುತ್ತೇವೆ.

ಇದನ್ನು ಒಪ್ಪಿಕೊಳ್ಳಲು ಹತ್ತು ವರ್ಷದ ಹುಡುಗಿ ಯಾರ ಮಾತನ್ನೂ ನಂಬಬೇಕಾಗಿಲ್ಲ. ನನಗೆ ಮುಖ್ಯವೆನಿಸುವುದು ಇದು. ಚರಿತ್ರೆಯ ಇಸವಿಯನ್ನೋ ನದಿಯ ಉದ್ದವನ್ನೋ ಮಗು ದೊಡ್ಡವರ ಮಾತಿನ ಮೇಲೆಯೇ ಒಪ್ಪಬೇಕು. ಗಣಿತದಲ್ಲಾದರೆ ಕರಿಹಲಗೆಯ ಮೇಲಿನ ತಪ್ಪನ್ನು ಹಿಂದಿನ ಬೆಂಚಿನ ಮಗು ಎತ್ತಿ ತೋರಿಸಬಹುದು. ಆಗ ವಯಸ್ಸು, ಪದವಿ, ಹುದ್ದೆ ಯಾವುದೂ ಮೇಷ್ಟರ ನೆರವಿಗೆ ಬರುವುದಿಲ್ಲ. ಗಣಿತದ ಆಸೆ ಹುಟ್ಟಿಸಿದ ಗುರುಗಳು ಈ ಸಮಾನತೆಗೆ ಅಂಜದವರು ಎಂಬುದು ನನ್ನ ವಾದ. ಉತ್ತರದ ಒಡೆತನವನ್ನು ಅವರು ಮಕ್ಕಳಿಗೆ ಬಿಟ್ಟುಕೊಡುತ್ತಾರೆ. 1111 ಇಟ್ಟುಕೊಂಡು ಸೊನ್ನೆ ಬರಿಸಿ, "ಸಾರ್, ನಿಮ್ಮ ಲೆಕ್ಕ ಕೆಟ್ಟಿತು" ಎನ್ನುವ ಹುಡುಗ ತಂಟೆ ಮಾಡುತ್ತಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರಬಾರದೆಂಬ ನಿಯಮವನ್ನು ತಾನೇ ಕಂಡುಕೊಂಡಿದ್ದಾನೆ. ಮೂರಂಕಿಯಾದರೆ ಏನಾಗುತ್ತದೆ ಎಂದು ಇನ್ನೊಬ್ಬಳು ಕೇಳಿದರೆ ಅವಳಿಗೆ 495 ಸಿಗುತ್ತದೆ. ಎರಡಂಕಿಗೆ ಇಳಿದವರು 9, 81, 63, 27, 45 ಎಂದು ಸುತ್ತುತ್ತಲೇ ಇರುತ್ತಾರೆ. ಅವೆಲ್ಲ ಒಂಬತ್ತರ ಮಗ್ಗಿಯಲ್ಲೇ ಇವೆಯಲ್ಲ, ಏಕೆ ಎಂದು ಯಾರಾದರೂ ಕೇಳಿದ ಕ್ಷಣದಿಂದ ಬೀಜಗಣಿತ ಆರಂಭವಾಗಿದೆ. ಇಂಥ ಪ್ರಶ್ನೆಗಳು ಮಕ್ಕಳ ಬಾಯಿಂದಲೇ ಬರಲೆಂದು ಕಾಯುವುದಕ್ಕೆ ಬೋಧನೆಯ ಜಾಣ್ಮೆಗಿಂತ ಹೆಚ್ಚಾಗಿ ವಿನಯ ಬೇಕು.

ಉತ್ಸಾಹವೆಂದರೆ ಬಣ್ಣದ ಚಿತ್ರ, ಹಾಡು, ಆಟದ ಸಾಮಾನು ಎಂದು ತಿಳಿಯುವವರಿದ್ದಾರೆ. ಅವೆಲ್ಲ ಇರಲಿ, ಒಳ್ಳೆಯದೇ. ಆದರೆ ಶ್ರೀನಿವಾಸ ರಾಮಾನುಜನ್ ಅವರನ್ನು ಹದಿನಾರನೆಯ ವಯಸ್ಸಿನಲ್ಲಿ ಹಿಡಿದು ಕೂರಿಸಿದ್ದು ಬಣ್ಣವೇ ಇಲ್ಲದ ಒಂದು ಪುಸ್ತಕ. ಕಾರ್ ಎಂಬ ಇಂಗ್ಲೆಂಡಿನ ಖಾಸಗಿ ಬೋಧಕ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಅಣಿಗೊಳಿಸಲು ಬರೆದದ್ದು ಅದು; ಸುಮಾರು 5000 ಫಲಿತಾಂಶಗಳು, ಬಹುಪಾಲಿಗೆ ಪೂರ್ಣ ಸಾಧನೆಯೇ ಇಲ್ಲ. ಆ ಸಾಧನೆಗಳನ್ನು ಕುಂಭಕೋಣದ ಹುಡುಗ ತಾನೇ ಕಟ್ಟಿಕೊಳ್ಳಬೇಕಾಯಿತು. ಅದಕ್ಕೂ ಸಾವಿರ ವರ್ಷ ಹಿಂದೆ, ನೃಪತುಂಗನ ಕಾಲದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ದುಂಬಿ, ತಾವರೆ, ಹರಿದ ಮುತ್ತಿನ ಹಾರ ಎಲ್ಲವೂ ಧಾರಾಳವಾಗಿವೆ. ಅಲ್ಲಿಯೂ ಕ್ರಮ ಒಂದೇ: ಮೊದಲು ಸೂತ್ರ, ಅದರ ಬೆನ್ನಿಗೆ ಪ್ರಶ್ನೆ, ಉತ್ತರ ಓದುಗನ ಪಾಲಿಗೆ. ಅಲಂಕಾರ ಇದ್ದ ಕಡೆಯೂ ಇಲ್ಲದ ಕಡೆಯೂ ಕೆಲಸ ಮಾಡಿದ್ದು ಕಲಿಯುವವನ ಮೇಲಿಟ್ಟ ನಂಬಿಕೆ.

ರಾಮಾನುಜನ್ ಅವರಂಥ ಮಕ್ಕಳು ಎಷ್ಟಿದ್ದಾರು, ಉಳಿದವರಿಗೆ ಮಗ್ಗಿಯೇ ಬಾಯಿಗೆ ಬಂದಿಲ್ಲವಲ್ಲ ಎಂದು ಕೇಳಬಹುದು. ಮಗ್ಗಿ ಬೇಕೇ ಬೇಕು. ಕೂಡಿ ಕಳೆಯಲು ತಡವರಿಸುವ ಮಗು ಯಾವುದನ್ನೂ ಹುಡುಕಲಾರದು, ಅಭ್ಯಾಸವನ್ನು ಹೀಯಾಳಿಸುವ ಉತ್ಸಾಹ ಬಹಳ ದಿನ ಬಾಳುವುದೂ ಇಲ್ಲ. ಆದರೆ 6174ನ್ನು ಬೆನ್ನಟ್ಟಿದ ಮಗು ಮಾಡುವುದೇನು? ದಶಕ ತೆಗೆದುಕೊಂಡು ಮಾಡುವ ನಾಲ್ಕಂಕಿಯ ವ್ಯವಕಲನ, ಒಂದರ ಮೇಲೊಂದು, ಯಾರೂ ಹೇಳದೆ. ಪುಟ ತುಂಬ ಕೊಟ್ಟ ಲೆಕ್ಕಗಳಲ್ಲಿರುವ ಅಭ್ಯಾಸವೇ ಇದರಲ್ಲೂ ಇದೆ, ಮನಸ್ಸಿಟ್ಟು ಮಾಡಿದ್ದು ಎಂಬುದಷ್ಟೇ ವ್ಯತ್ಯಾಸ. ಕಾಪ್ರೇಕರ್ ಅವರ ಸಂಖ್ಯೆಗಳು ಕ್ಷುಲ್ಲಕವೆಂದು ಅವರ ಕಾಲದ ಕೆಲವು ಗಣಿತಜ್ಞರು ಕಡೆಗಣಿಸಿದ್ದೂ ನಿಜ. ಗಣಿತದಲ್ಲಿ ಪದವಿಯಿಲ್ಲದೆ ಲಕ್ಷಾಂತರ ಓದುಗರನ್ನು ಗಣಿತಕ್ಕೆ ಎಳೆದ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ಅವುಗಳ ಬಗ್ಗೆ ಬರೆದ ಮೇಲೆ ಕಾಪ್ರೇಕರ್ ಅವರ ಹೆಸರು ಲೋಕಕ್ಕೆ ತಿಳಿಯಿತು. ಸಂಶೋಧನೆಯ ತಕ್ಕಡಿಯಲ್ಲಿ ಆ ಸಂಖ್ಯೆಗಳು ಹಗುರವೇ ಇರಬಹುದು. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮಗು ಅದನ್ನು ತನ್ನ ಕೈಯಾರೆ ತಲುಪಬಲ್ಲದೇ?

ಉಳಿದದ್ದು ಮೇಷ್ಟರ ಕಷ್ಟ, ಅದನ್ನು ಹಗುರವಾಗಿ ಕಾಣುವಂತಿಲ್ಲ. ತರಗತಿ ತುಂಬ ಮಕ್ಕಳು, ಮುಗಿಯದ ಪಠ್ಯ, ತಿದ್ದಬೇಕಾದ ಪುಸ್ತಕಗಳ ರಾಶಿ. ಆದರೂ ಐವತ್ತು ಮಕ್ಕಳು ಐವತ್ತು ಬೇರೆ ಬೇರೆ ಸಂಖ್ಯೆಗಳಿಂದ ಹೊರಟರೆ ತಿದ್ದುವ ಕೆಲಸ ಎಷ್ಟೋ ಮಟ್ಟಿಗೆ ಮಕ್ಕಳದ್ದೇ ಆಗುತ್ತದೆ. ಎಂಟು ಹೆಜ್ಜೆ ಕಳೆದರೂ 6174 ಬಾರದವಳಿಗೆ ಎಲ್ಲೋ ದಶಕ ತಪ್ಪಿದೆಯೆಂದು ಯಾರೂ ಗದರದೆ ಗೊತ್ತಾಗುತ್ತದೆ. ಅವಳು ಪುಟದ ಮೇಲ್ಗಡೆಯಿಂದ ಮತ್ತೆ ನೋಡಿಕೊಂಡು ಬರುತ್ತಾಳೆ. ಆ ಹೊತ್ತಿನಲ್ಲಿ ಮೇಷ್ಟರು ನಿಜವಾಗಿ ಕೈಲಾಗದೆ ಕುಳಿತ ಮಗುವಿನ ಪಕ್ಕಕ್ಕೆ ಹೋಗಬಹುದು.