ಆಡಳಿತ ಮಂಡಳಿಯ ನಡೆ, ನೌಕರರ ದುಡಿಮೆ



ನೌಕರರು ಸರಿಯಾಗಿ ಕೆಲಸ ಮಾಡೋದಿಲ್ಲ ಎಂಬ ದೂರು ನಮ್ಮ ಸಭೆಗಳಿಗೆ ಹೊಸದಲ್ಲ. ಅವರನ್ನು ನಡೆಸುವ ನಾವು ಹೇಗಿದ್ದೇವೆ ಅಂತ ಕೇಳುವವರು ಕಡಿಮೆ.

ಗುಜರಾತಿನ ಆಣಂದದ ಸಂಗತಿ ನೋಡೋಣ. ಅಲ್ಲಿನ ಖೇಡಾ ಜಿಲ್ಲಾ ಹಾಲು ಒಕ್ಕೂಟ 1946ರಲ್ಲಿ ನೋಂದಣಿಯಾಯಿತು. ಅಧ್ಯಕ್ಷರು ತ್ರಿಭುವನದಾಸ ಪಟೇಲರು. 1949ರಲ್ಲಿ ಸರ್ಕಾರಿ ಕ್ರೀಮರಿಗೆಂದು ಬಂದಿದ್ದ ವರ್ಗೀಸ್ ಕುರಿಯನ್ನರು ಆ ಕೆಲಸ ಬಿಟ್ಟು ಹೊರಟಾಗ, ಪಟೇಲರು ತಡೆದು ಒಕ್ಕೂಟದ ಆಡಳಿತ ವಹಿಸಿಕೊಟ್ಟರು. ರೈತರನ್ನು ತಾವು ನೋಡಿಕೊಂಡರು, ಡೇರಿಯಲ್ಲಿ ಕೈಯಾಡಿಸಲಿಲ್ಲ. ಕುರಿಯನ್ನರು ತಮ್ಮ ಗೆಳೆಯ ದಲಾಯರನ್ನು ಸೇರಿಸಿಕೊಂಡರು. ಎಮ್ಮೆ ಹಾಲಿನಿಂದ ಪುಡಿ ಆಗೋದೇ ಇಲ್ಲ ಎಂದು ತಜ್ಞರು ಅಂದಿದ್ದನ್ನು ದಲಾಯರು ಮಾಡಿ ತೋರಿಸಿದರು. 1955ರಲ್ಲಿ ಕಾರ್ಖಾನೆಯೇ ಶುರುವಾಯಿತು.

ನಮ್ಮದು ಸಣ್ಣ ಸಂಘ, ಒಪ್ಪೋಣ. ಆದರೂ ಬೆಳಗ್ಗೆ ಲ್ಯಾಕ್ಟೋಮೀಟರ್ ಹಿಡಿದು ನಿಲ್ಲುವ ಹುಡುಗನ ವಿಚಾರ ತಗೊಳ್ಳಿ. ನಿರ್ದೇಶಕರ ಮನೆಯ ಹಾಲು ತೆಳ್ಳಗಿದ್ದು, ಅವರೇ "ಇರಲಿ ಬಿಡೋ" ಅಂದರೆ, ಹಿಂದೆ ನಿಂತವರ ಹಾಲನ್ನು ಅವನು ಯಾವ ಬಾಯಲ್ಲಿ ಬೇಡ ಅಂದಾನು? ನಾಲ್ಕು ದಿನಕ್ಕೆ ಪರೀಕ್ಷೆ ಮಾಡೋದನ್ನೇ ಬಿಡುತ್ತಾನೆ. ಊರಿನ ಹಾಲೆಲ್ಲ ವಾಪಸ್ ಬಂದಾಗ ಬೈಗುಳ ಮಾತ್ರ ಅವನಿಗೆ! ಅದೇ ನಿರ್ದೇಶಕರು "ಮೊದಲು ನಮ್ಮದೇ ನೋಡಪ್ಪಾ" ಅಂದರೆ ಆ ಹುಡುಗ ಯಾರಿಗೂ ಅಂಜುವುದಿಲ್ಲ. ನಾಳೆ ಬೆಳಗಿನ ಸರದಿಯಿಂದಲೇ ನಿರ್ದೇಶಕರ ಕ್ಯಾನುಗಳು ಮುಂದೆ ಬರಲಿ ಎಂದು ಕೇಳಿಕೊಳ್ಳುತ್ತೇವೆ.