ನಿರಾಶ್ರಯರೂ ಪೌರಸಭೆಯ ಹೊಣೆಯೂ
(ಸೊಕ್ಕೆಯ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ದಾಸೋಹವೆಂಬುದು ಈ ಸಭೆಗೆ ಹೊಸ ಮಾತಲ್ಲ. ಬಂದವನ ಕುಲವನ್ನೂ ಊರನ್ನೂ ಕೇಳದೆ ಎಲೆ ಹಾಕುವ ಪದ್ಧತಿಯು ಕಲ್ಯಾಣದ ಶರಣರ ಕಾಲದಿಂದ ನಡೆದುಬಂದಿರುವುದಷ್ಟೆ. ಆದರೆ ಉಂಡೆದ್ದವನು ರಾತ್ರಿ ಎಲ್ಲಿ ಮಲಗಿದನೆಂಬುದನ್ನು ಭಕ್ತರು ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. ಹಳ್ಳಿಯಲ್ಲಿ ಆ ವಿಚಾರಕ್ಕೆ ಎಡೆಯೂ ಇರಲಿಲ್ಲ. ಗುಡಿಯ ಜಗಲಿಯೋ, ಚಾವಡಿಯೋ, ಯಾರದಾದರೂ ಪಡಸಾಲೆಯೋ ಒದಗುತ್ತಿತ್ತು. ಪಟ್ಟಣದಲ್ಲಿ ಹಾಗಲ್ಲ. ಅಲ್ಲಿ ಜಗಲಿಗೂ ಬಾಡಿಗೆಯುಂಟು, ಕಾವಲುಗಾರನುಂಟು.

ಇದು ಪರರ ಕಥೆಯಲ್ಲ. ಜಗಳೂರು ಸೀಮೆಯು ಮುಗಿಲನ್ನೇ ನಂಬಿದ ಸೀಮೆ. ಮಳೆ ತಪ್ಪಿದ ವರ್ಷ ಇಲ್ಲಿಯ ಹಳ್ಳಿಗಳ ಜನ ದಾವಣಗೆರೆಗೋ ಬೆಂಗಳೂರಿಗೋ ಮಲೆನಾಡಿನ ಕಾಫಿತೋಟಗಳಿಗೋ ಗುಳೆ ಹೋಗುವುದನ್ನು ಅರಿಯದವರು ಈ ಸಭೆಯಲ್ಲಿ ಯಾರೂ ಇರಲಾರರು. ತೋಟಕ್ಕೆ ಹೋದವನಿಗೆ ಲೈನುಮನೆಯಾದರೂ ಸಿಕ್ಕೀತು. ಪಟ್ಟಣಕ್ಕೆ ಹೋದವನು ಹಗಲೆಲ್ಲ ಮೂಟೆ ಹೊತ್ತು, ಗಾರೆ ಕಲಸಿ, ಕತ್ತಲಾದ ಮೇಲೆ ಮುಚ್ಚಿದ ಅಂಗಡಿಯ ಮುಂದೆ ಗೋಣಿ ಹಾಸಬೇಕಾಗುತ್ತದೆ. ಆತನು ಭಿಕ್ಷುಕನಲ್ಲ, ಕಾಯಕಜೀವಿ. ಆದರೂ ಅವನ ಕೈಕೆಲಸವನ್ನು ಬಲ್ಲ ಪಟ್ಟಣವು ಅವನ ನಿದ್ರೆಯನ್ನು ಮಾತ್ರ ಅಪರಾಧವೆಂಬಂತೆ ನೋಡುತ್ತದೆ.

ಇಂಥವರನ್ನು ಸರಕಾರದ ಫಲಕಗಳಲ್ಲಿ ‘ನಿರಾಶ್ರಿತರು’ ಎಂದು ಬರೆಯುವ ರೂಢಿ. ಶಬ್ದವಿಚಾರ ಮಾಡಿದರೆ ‘ನಿರಾಶ್ರಯರು’ ಎಂಬುದೇ ಸಾಧುವಾದ ರೂಪ. ಅದಿರಲಿ, ರೂಢಿಯು ಬಲವತ್ತರವಾದುದು. 2011ನೆಯ ಇಸವಿಯ ಜನಗಣತಿಯಲ್ಲಿ ಇವರನ್ನು ಫೆಬ್ರವರಿ 28ರ ರಾತ್ರಿ ಎಣಿಸಿದರು. ರಸ್ತೆಯ ಬದಿ, ಸೇತುವೆಯ ಕೆಳಗೆ, ರೈಲುನಿಲ್ದಾಣ, ಗುಡಿಯ ಮಂಟಪ, ನೀರಿನ ದೊಡ್ಡ ಕೊಳವೆಯ ಒಳಗೆ ಮಲಗಿದ್ದವರೆಲ್ಲ ಸೇರಿ ದೇಶದಲ್ಲಿ 17 ಲಕ್ಷಕ್ಕೂ ಮಿಕ್ಕಿದ್ದರು. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಹಳ್ಳಿಗಳಲ್ಲಿ ಅವರ ಸಂಖ್ಯೆ ಇಳಿದು, ಪಟ್ಟಣಗಳಲ್ಲಿ 7 ಲಕ್ಷ 78 ಸಾವಿರದಷ್ಟು ಇದ್ದುದು 9 ಲಕ್ಷ 38 ಸಾವಿರಕ್ಕೆ ಏರಿತ್ತು. ಹಳ್ಳಿಯ ಬಡತನವು ಪಟ್ಟಣದ ಬೀದಿಗೆ ಇಳಿದುದರ ಲೆಕ್ಕವಿದು.

ಹಾಗಾದರೆ ಈ ಹೊಣೆ ಯಾರದು? ದಾವಣಗೆರೆಯು 2007ರಲ್ಲಿ ಮಹಾನಗರಪಾಲಿಕೆಯಾಗುವ ಮುನ್ನ ಅಲ್ಲಿಗೂ ಅನ್ವಯಿಸುತ್ತಿದ್ದ 1964ರ ಪೌರಸಭೆಗಳ ಕಾಯಿದೆಯು, ಪೌರಸಭೆಯ ಕೆಲಸಗಳನ್ನು ಎರಡಾಗಿ ವಿಂಗಡಿಸಿದೆ. ಬೀದಿದೀಪ, ಚರಂಡಿ ಮೊದಲಾದವು ಕಡ್ಡಾಯ. ಧರ್ಮಶಾಲೆ, ಛತ್ರ ಮೊದಲಾದವು ಸಭೆಯ ವಿವೇಚನೆಗೆ ಬಿಟ್ಟವು. ವಿವೇಚನೆಗೆ ಬಿಟ್ಟದ್ದು ಎಷ್ಟುಮಟ್ಟಿಗೆ ನಡೆದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕಾಲಕ್ರಮದಲ್ಲಿ ಈ ವಿಂಗಡಣೆಯ ಬಲ ಕುಗ್ಗಿತು. ಮುಂಬಯಿಯ ಪಾದಚಾರಿ ಮಾರ್ಗಗಳ ನಿವಾಸಿಗಳ ವ್ಯಾಜ್ಯದಲ್ಲಿ 1985ರ ಜುಲೈ 10ರಂದು ಸರ್ವೋಚ್ಚ ನ್ಯಾಯಾಲಯವು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ಹಾದಿಯನ್ನು ತೆರವು ಮಾಡುವ ಅಧಿಕಾರವನ್ನು ಅದು ಕಿತ್ತುಕೊಳ್ಳಲಿಲ್ಲವೆಂಬುದನ್ನೂ ಮರೆಯಬಾರದು. ಮಳೆಗಾಲ ಕಳೆಯುವವರೆಗೆ ತಡೆಯಿರೆಂದಿತು, ಅಷ್ಟೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪಟ್ಟಣದ ಬಡತನದ ನಿವಾರಣೆಯನ್ನು ನಗರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. 2010ರ ಚಳಿಗಾಲದಲ್ಲಿ ದೆಹಲಿಯ ನಿರಾಶ್ರಯರ ಸಂಗತಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ತರುವಾಯ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯವೆಂಬ ಅಳತೆ ನಿಂತಿತು.

2013ರಲ್ಲಿ ಆರಂಭವಾದ ಕೇಂದ್ರ ಸರಕಾರದ ನಗರ ಜೀವನೋಪಾಯ ಅಭಿಯಾನವು ಈ ಅಳತೆಯನ್ನು ಇನ್ನೂ ಸ್ಪಷ್ಟಪಡಿಸಿತು: ಲಕ್ಷ ಜನರಿಗೆ ಕನಿಷ್ಠ 100 ಮಂದಿಗೆ ಎಡೆ, ತಲೆಗೆ 50 ಚದರ ಅಡಿ ಜಾಗ, ಹೆಂಗಸರಿಗೆ ಪ್ರತ್ಯೇಕ ಏರ್ಪಾಟು. 2011ರ ಗಣತಿಯಂತೆ ದಾವಣಗೆರೆಯ ಜನಸಂಖ್ಯೆ 4 ಲಕ್ಷ 35 ಸಾವಿರದಷ್ಟು. ಆ ಲೆಕ್ಕದಂತೆ 400 ಮಂದಿಗಾದರೂ ಅಲ್ಲಿ ರಾತ್ರಿಯ ಎಡೆ ಇರತಕ್ಕದ್ದು. ಅಭಿಯಾನದ ಅವಧಿಯು 2024ರಲ್ಲಿ ಮುಗಿದರೂ ಚಳಿಗಾಲಕ್ಕೆ ಅವಧಿಯಿಲ್ಲ.

ಇನ್ನು ಹಣದ ಮಾತು. ಮನೆಗಂದಾಯ ಕಟ್ಟಿದ ರಶೀದಿಯನ್ನು ಭಕ್ತರು ಒಮ್ಮೆ ಬಿಡಿಸಿ ನೋಡಬೇಕು. ಅದರಲ್ಲಿ ಭಿಕ್ಷುಕರ ಕರವೆಂದು ನೂರಕ್ಕೆ 3ರಂತೆ ಸೇರಿರುತ್ತದೆ. 1975ರ ಭಿಕ್ಷಾಟನೆ ನಿಷೇಧದ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳು ಅದನ್ನು ವಸೂಲು ಮಾಡಿ, ಪರಿಹಾರ ಕೇಂದ್ರಗಳ ವೆಚ್ಚಕ್ಕೆ ಒಪ್ಪಿಸತಕ್ಕದ್ದು. ಆದರೆ ಪರಿಹಾರ ಕೇಂದ್ರವೂ ರಾತ್ರಿಯ ಆಶ್ರಯವೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮೊದಲನೆಯದಕ್ಕೆ ಹಿಡಿದು ತರುತ್ತಾರೆ. ಎರಡನೆಯದಕ್ಕೆ ದುಡಿದು ದಣಿದವನು ತಾನಾಗಿ ಬಂದು, ಬೆಳಗಾದೊಡನೆ ಕೆಲಸಕ್ಕೆ ಹೊರಡುತ್ತಾನೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಭಿಕ್ಷುಕರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಅನೇಕರು ಅಸುನೀಗಿದ ದಾರುಣವನ್ನು ನೆನೆದರೆ, ಮೂಟೆ ಹೊರುವವನನ್ನು ಭಿಕ್ಷುಕನೆಂದು ಕೂಡಿಹಾಕಿ ಹೊಣೆ ತೀರಿತೆನ್ನುವುದು ಎಂಥ ಅನ್ಯಾಯವೆಂಬುದು ತಿಳಿದೀತು.

ಈ ಕೆಲಸವನ್ನು ಮಠಗಳೇ ಮಾಡಬಾರದೇಕೆಂದು ಕೆಲವರು ಕೇಳುವುದುಂಟು. ಪರ್ವಕಾಲದಲ್ಲಿ ಸಾವಿರ ಜನಕ್ಕೆ ಅನ್ನವಿಕ್ಕುವ ಮಠಕ್ಕೆ ನಾಲ್ಕು ಕೋಣೆ ಭಾರವಲ್ಲ, ನಿಜ, ಮಾಡಿದರೆ ಸಂತೋಷವೇ. ಆದರೆ ಮಠವು ಕೊಡುವುದು ಭಕ್ತಿಯಿಂದ. ಪೌರಸಭೆಯು ಕೊಡಬೇಕಾದುದು ಋಣದಿಂದ. ಕಂದಾಯ ವಸೂಲು ಮಾಡುವವರೂ, ಜಾಗವುಳ್ಳವರೂ, ನೀರು ದೀಪಗಳನ್ನು ಒದಗಿಸಬಲ್ಲವರೂ ಅವರೇ. ಮನಸ್ಸಿದ್ದರೆ ಆಗುವುದೆಂಬುದಕ್ಕೆ 2020ರ ಮಾರ್ಚ್ ಏಪ್ರಿಲ್ ತಿಂಗಳುಗಳೇ ಸಾಕ್ಷಿ: ದೇಶಕ್ಕೆ ಬೀಗ ಬಿದ್ದಾಗ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಕಲ್ಯಾಣಮಂಟಪಗಳೂ ಕೆಲವೇ ದಿನಗಳಲ್ಲಿ ಆಶ್ರಯಗಳಾದವು.

ಆದುದರಿಂದ ಸೊಕ್ಕೆಯ ಭಕ್ತರಲ್ಲಿ ಒಂದು ವಿಜ್ಞಾಪನೆಯುಂಟು. ಮುಂದಿನ ಬಾರಿ ವ್ಯಾಪಾರಕ್ಕೋ ಆಸ್ಪತ್ರೆಗೋ ದಾವಣಗೆರೆಗೆ ಹೋದವರು ಪಾಲಿಕೆಯ ಕಚೇರಿಯನ್ನು ಹೊಕ್ಕು ಕೇಳಬೇಕು: ರಾತ್ರಿಯ ಆಶ್ರಯ ಎಷ್ಟಿವೆ, ಎಲ್ಲಿವೆ, ಹೆಂಗಸೊಬ್ಬಳು ಮಗುವಿನೊಡನೆ ಬಂದರೆ ಬಾಗಿಲು ತೆರೆಯುವವರು ಯಾರು, ಬಸ್ಸಿನ ನಿಲ್ದಾಣದಲ್ಲಿ ಅದರ ಫಲಕವುಂಟೇ. ಉತ್ತರವನ್ನು ಬರೆದು ತಂದು ಇಲ್ಲಿಯ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಈ ವರ್ಷ ಗುಳೆ ಹೊರಡುವವರು ಅದನ್ನು ಓದಿಕೊಂಡು ಬಸ್ಸು ಹತ್ತಲಿ.